ನೀರು ಹಾಯಿಸಲು ಸೆಕೆಯೊಂದೇ ಅಳತೆಯಲ್ಲ
ಹೊಲದ ನೀರು ಎರಡು ದಾರಿಯಲ್ಲಿ ಗಾಳಿಗೆ ಸೇರುತ್ತದೆ: ಮಣ್ಣಿನಿಂದ ನೇರವಾಗಿ, ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ. ಈ ನಷ್ಟವನ್ನು ಸೆಕೆಯಿಂದಷ್ಟೇ ಅಳೆಯುವುದು ಅನೇಕರು ಮಾಡುವ ತಪ್ಪು. ಬಿಸಿಲು, ಉಷ್ಣತೆ, ತೇವಾಂಶ, ಗಾಳಿ ನಾಲ್ಕೂ ಲೆಕ್ಕಕ್ಕೆ ಬರಬೇಕು. ಮಂಗಳೂರಿನ ಏಪ್ರಿಲ್‌ನಲ್ಲಿ ಮೈಯೆಲ್ಲ ಬೆವತರೂ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಆವಿಯಾಗುವುದು ನಿಧಾನ. ರಾಯಚೂರಿನ ಒಣಗಾಳಿ ಎಲೆಯ ನೀರನ್ನೂ ಬಿಡದೆ ಹೀರುತ್ತದೆ. ಮೋಡ ಕವಿದಿದ್ದರೂ ಮಳೆ ತಾರದ ಆಷಾಢದ ಗಾಳಿ ಬಯಲುಸೀಮೆಯ ಮಣ್ಣನ್ನು ಒಣಗಿಸುತ್ತದೆ, ಇದನ್ನು ಮರೆಯುವವರೇ ಹೆಚ್ಚು. 1 ಮಿ.ಮೀ. ನಷ್ಟವೆಂದರೆ ಎಕರೆಗೆ ಸುಮಾರು 4,000 ಲೀಟರ್. ವಾರಕ್ಕಿಷ್ಟು ಸಲ ಎಂದು ನೀರು ಹಾಯಿಸುವ ಬದಲು, ಗೇಣುದ್ದ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡುವುದು ಒಳ್ಳೆಯದು. ಮರಳುನೆಲ ಬಿಟ್ಟರೆ, ಉಂಡೆ ಕಟ್ಟಿದಾಗ ಕಾಯಬಹುದು. ಸಾಲುಗಳ ನಡುವೆ ತರಗು ಹೊದಿಸಿದರೆ ಮಣ್ಣಿನ ಆವಿ ತಗ್ಗುತ್ತದೆ, ಎಲೆಯದು ತಗ್ಗದು.