ಕ್ರಿವಿ ರಿಹ್: ಅದಿರಿನ ಜಾಡು ಹಿಡಿದು ಮೂರು ದಿನ

ಉಕ್ರೇನ್ ಎಂದರೆ ಹೆಚ್ಚಿನ ಪ್ರವಾಸಿಗರು ಕೀವ್‌ನ ಚಿನ್ನದ ಗುಮ್ಮಟಗಳನ್ನೋ ಲ್ವಿವ್‌ನ ಹಳೆಯ ಬೀದಿಗಳನ್ನೋ ನೆನೆಯುತ್ತಾರೆ. ಆ ದೇಶಕ್ಕೆ ಕಬ್ಬಿಣ ಕೊಟ್ಟ ಊರಿಗೆ ಹೋಗುವವರು ಕಡಿಮೆ. ನಿಪ್ರೊ ನಗರದಿಂದ ನೈಋತ್ಯಕ್ಕೆ ಸುಮಾರು 150 ಕಿ.ಮೀ. ದೂರದ ಹುಲ್ಲುಗಾವಲಿನಲ್ಲಿ ಕ್ರಿವಿ ರಿಹ್ ಇದೆ. ಹಳೆಯ ಭೂಪಟಗಳಲ್ಲಿ ಇದರ ಹೆಸರು ಕ್ರಿವೊಯ್ ರೋಗ್. ಯುದ್ಧಕ್ಕೆ ಮುಂಚೆ ಇಲ್ಲಿ ಸುಮಾರು 6 ಲಕ್ಷ ಜನರಿದ್ದರು.

ಭೂಪಟದಲ್ಲಿ ಈ ಊರು ಉದ್ದನೆಯ ಪಟ್ಟಿಯ ಹಾಗೆ ಕಾಣುತ್ತದೆ. ದಕ್ಷಿಣದಿಂದ ಉತ್ತರಕ್ಕೆ ನೇರ ಗೆರೆ ಎಳೆದರೂ 60 ಕಿ.ಮೀ. ದಾಟುತ್ತದೆ. ರಸ್ತೆಯ ಸುತ್ತುಗಳನ್ನೆಲ್ಲ ಸೇರಿಸಿ 126 ಕಿ.ಮೀ. ಎಂದು ಊರಿನವರು ಹೆಮ್ಮೆಯಿಂದ ಲೆಕ್ಕ ಕೊಡುತ್ತಾರೆ. ನೆಲದಡಿಯ ಅದಿರು ಹರಿದ ಕಡೆಗೆಲ್ಲ ಊರೂ ಹರಿಯಿತು. ಗಣಿಗೊಂದು ಬಡಾವಣೆ ಎದ್ದಿತು, ಬಡಾವಣೆಗಳು ಕೂಡಿಕೊಂಡು ನಗರವಾದವು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಊರು ತಾನೇ ಅರ್ಥವಾಗುತ್ತ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು: ಈಗ ಹೋಗಬೇಡಿ

ಯುದ್ಧ ನಿಂತ ಮೇಲೆ ಹೋಗುವವರಿಗಾಗಿ ಈ ಮಾರ್ಗದರ್ಶಿ. ರಷ್ಯಾದ ಆಕ್ರಮಣ ಶುರುವಾದ 2022ರ ಫೆಬ್ರವರಿ 24ರಂದೇ ಉಕ್ರೇನಿನ ಆಕಾಶಮಾರ್ಗ ನಾಗರಿಕ ವಿಮಾನಗಳಿಗೆ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಉಕ್ರೇನಿಗೆ ಪ್ರಯಾಣ ಬೇಡವೆಂದು ಭಾರತ ಸರ್ಕಾರ ತನ್ನ ಪ್ರಜೆಗಳಿಗೆ ತಿಳಿಸಿತು. ಕ್ರಿವಿ ರಿಹ್‌ನಿಂದ ಯುದ್ಧರಂಗ ನೂರು ಕಿ.ಮೀ.ಗೂ ಒಳಗಿನ ದೂರದಲ್ಲಿದೆ. 2025ರ ಏಪ್ರಿಲ್ 4ರಂದು ಇಲ್ಲಿನ ಮಕ್ಕಳ ಆಟದ ಮೈದಾನದ ಬಳಿ ಕ್ಷಿಪಣಿ ಬಿದ್ದು 20 ಜನ ಸತ್ತರು. ಅವರಲ್ಲಿ 9 ಮಂದಿ ಮಕ್ಕಳು. ಹಾವೇರಿ ಜಿಲ್ಲೆಯಿಂದ ವೈದ್ಯಕೀಯ ಓದಲು ಹೋದ ಹುಡುಗನನ್ನು 2022ರಲ್ಲಿ ಹಾರ್ಕಿವ್‌ನ ದಾಳಿಯಲ್ಲಿ ಕಳೆದುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಂತಿ ನೆಲೆಸುವವರೆಗೆ ಊರಿನ ಬಗ್ಗೆ ಓದಿಕೊಳ್ಳಿ, ಯೋಜನೆ ಹಾಕಿಕೊಳ್ಳಿ. ಹೊರಡುವ ಮುನ್ನ ವಿದೇಶಾಂಗ ಸಚಿವಾಲಯದ ಸೂಚನೆಯನ್ನೂ ವೀಸಾ ನಿಯಮವನ್ನೂ ನೋಡಿಕೊಳ್ಳಿ. ವೀಸಾ ವಿಚಾರಕ್ಕೆ ದೆಹಲಿಯಲ್ಲಿ ಉಕ್ರೇನಿನ ರಾಯಭಾರ ಕಚೇರಿ ಇದೆ.

ಹೊರಡುವ ಮುನ್ನ ತಿಳಿದಿರಬೇಕಾದ ಕಥೆ

ಕ್ರಿವಿ ರಿಹ್ ಎಂದರೆ ವಕ್ರವಾದ ಕೊಂಬು. ಇಲ್ಲಿ ಇನ್ಹುಲೆತ್ಸ್ ನದಿಗೆ ಸಾಕ್ಸಹಾನ್ ಬಂದು ಸೇರುತ್ತದೆ. ಸಂಗಮದ ಬಳಿ ಕೊಂಬಿನಂತೆ ಬಾಗಿ ಚಾಚಿದ ನೆಲದಿಂದ ಹೆಸರು ಬಂತು ಎನ್ನುವವರಿದ್ದಾರೆ. ರಿಹ್ ಎಂಬ ಕೊಸಾಕ್ ವೀರನಿಂದ ಬಂತು ಎನ್ನುವುದು ಜನಪದ ಕಥೆ. 1775ರಲ್ಲಿ ಇದು ಅಂಚೆ ಕುದುರೆಗಳನ್ನು ಬದಲಿಸುವ ತಂಗುದಾಣವಾಗಿತ್ತು.

ಇಲ್ಲಿನ ಬಂಡೆಗಳಲ್ಲಿ ಕಬ್ಬಿಣವಿದೆ ಎಂದು ವಾಸಿಲಿ ಜೂಯೆವ್ ಎಂಬ ವಿದ್ವಾಂಸ 1780ರ ದಶಕದಲ್ಲೇ ಬರೆದಿದ್ದ. ಅದನ್ನು ನಂಬಿ ಬದುಕನ್ನೇ ಪಣಕ್ಕಿಟ್ಟವನು ಓಲೆಕ್ಸಾಂದರ್ ಪೋಲ್ (1832–1890). ಜಮೀನ್ದಾರ, ಹಳೆಯ ಸಮಾಧಿ ದಿಬ್ಬಗಳನ್ನು ಅಗೆದು ಪ್ರಾಚೀನ ವಸ್ತು ಕೂಡಿಡುವ ಹುಚ್ಚಿನವನು. 1866ರಲ್ಲಿ ದುಬೋವಾ ಬಾಲ್ಕಾ ಎಂಬ ಕಣಿವೆಯಲ್ಲಿ ಅದಿರು ಕಂಡ ಮೇಲೆ ಅವನು ಸುಮ್ಮನಿರಲಿಲ್ಲ. ತಜ್ಞರನ್ನು ಕರೆಸಿದ, ಸ್ವಂತ ಹಣ ಸುರಿದ, ಕೊನೆಗೆ ಫ್ರೆಂಚ್ ಬಂಡವಾಳ ತಂದು ಗಣಿ ಶುರುಮಾಡಿಸಿದ. 1884ರಲ್ಲಿ ರೈಲು ಬಂತು. ಪೂರ್ವದ ದೊನ್‌ಬಾಸ್‌ನಲ್ಲಿ ಕಲ್ಲಿದ್ದಲು, ಇಲ್ಲಿ ಅದಿರು. ಎರಡನ್ನೂ ಆ ಹಳಿ ಬೆಸೆಯಿತು. ದಕ್ಷಿಣ ಉಕ್ರೇನಿನ ಉಕ್ಕಿನ ಉದ್ಯಮ ಎದ್ದು ನಿಂತದ್ದು ಈ ಬೆಸುಗೆಯ ಮೇಲೆ.

ಸೋವಿಯತ್ ಕಾಲದಲ್ಲಿ, 1934ರಲ್ಲಿ, ಕ್ರಿವೊರಿಜ್‌ಸ್ಟಾಲ್ ಕಾರ್ಖಾನೆ ಮೊದಲ ಕಬ್ಬಿಣ ಇಳಿಸಿತು. 1941ರ ಆಗಸ್ಟಿನಿಂದ 1944ರ ಫೆಬ್ರವರಿವರೆಗೆ ಊರು ನಾಜಿಗಳ ಹಿಡಿತದಲ್ಲಿತ್ತು. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಗಣಿ, ಕುಲುಮೆಗಳನ್ನು ಮತ್ತೆ ಎಬ್ಬಿಸಿದರು.

2004ರಲ್ಲಿ ಈ ಕಾರ್ಖಾನೆಯನ್ನು ಆಗಿನ ಅಧ್ಯಕ್ಷರ ಅಳಿಯನ ಪಾಲಿದ್ದ ಕೂಟಕ್ಕೆ ಸುಮಾರು 80 ಕೋಟಿ ಡಾಲರಿಗೆ ಮಾರಿದರು. ಆ ವರ್ಷದ ಕೊನೆಗೆ ಕಿತ್ತಳೆ ಕ್ರಾಂತಿ ನಡೆದು ಸರ್ಕಾರ ಬದಲಾಯಿತು, ಮಾರಾಟ ರದ್ದಾಯಿತು. 2005ರ ಅಕ್ಟೋಬರ್ 24ರಂದು ಟಿ.ವಿ.ಯಲ್ಲಿ ನೇರ ಪ್ರಸಾರವಾದ ಹರಾಜಿನಲ್ಲಿ ರಾಜಸ್ಥಾನ ಮೂಲದ ಲಕ್ಷ್ಮಿ ಮಿತ್ತಲ್ ಅವರ ಕಂಪನಿ ಅದೇ ಕಾರ್ಖಾನೆಗೆ ಸುಮಾರು 480 ಕೋಟಿ ಡಾಲರ್ ಕೊಟ್ಟಿತು. ಒಂದೂವರೆ ವರ್ಷದೊಳಗೆ ಬೆಲೆ ಆರು ಪಟ್ಟು! ಇಂದು ಅದರ ಹೆಸರು ಆರ್ಸೆಲರ್ ಮಿತ್ತಲ್ ಕ್ರಿವಿ ರಿಹ್. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ಉಕ್ಕಿನ ಕಾರ್ಖಾನೆಗೆಂದು ಜಮೀನು ಪಡೆದದ್ದೂ ಆರ್ಸೆಲರ್ ಮಿತ್ತಲ್ ಕಂಪನಿಯೇ.

ತಲುಪುವುದು, ಓಡಾಡುವುದು

ಯುದ್ಧಕಾಲದಲ್ಲಿ ದೇಶದೊಳಕ್ಕೆ ಹೋಗುವವರ ಮುಖ್ಯ ದಾರಿ ಪೋಲೆಂಡಿನಿಂದ ಕೀವ್‌ಗೆ ಬರುವ ರೈಲು. ವಿಮಾನ ಸಂಚಾರ ಮತ್ತೆ ಶುರುವಾದರೂ ಕೀವ್‌ನಿಂದ ಮುಂದಕ್ಕೆ ರಾತ್ರಿ ರೈಲೇ ಅನುಕೂಲ. ನಾಲ್ಕು ಮಂಚಗಳ ಬಾಗಿಲಿರುವ ಕೋಣೆಗೆ ‘ಕುಪೆ’ ಎನ್ನುತ್ತಾರೆ, ನಮ್ಮ ಸ್ಲೀಪರ್ ಡಬ್ಬಿಯಂತೆ ತೆರೆದಿರುವುದಕ್ಕೆ ‘ಪ್ಲಾಟ್ಸ್‌ಕಾರ್ತ್’. ಇಳಿಯಬೇಕಾದ ನಿಲ್ದಾಣ ಕ್ರಿವಿ ರಿಹ್ ಹೊಲೊವ್ನಿ, ಅಂದರೆ ಮುಖ್ಯ ನಿಲ್ದಾಣ.

ಊರೊಳಗೆ ಓಡಾಡಲು ಮೆಟ್ರೊಟ್ರಾಮ್ ಇದೆ. ನೆಲದಡಿ ಮೆಟ್ರೊದಂಥ ನಿಲ್ದಾಣಗಳು, ಹಳಿಯ ಮೇಲೆ ಟ್ರಾಮ್ ಗಾಡಿಗಳು. ಅಷ್ಟುದ್ದದ ಊರಿನಲ್ಲಿ ಕಾರ್ಮಿಕರನ್ನು ಬೇಗ ಕೆಲಸಕ್ಕೆ ಮುಟ್ಟಿಸಲೆಂದು ಕಟ್ಟಿ, 1986ರ ಡಿಸೆಂಬರಿನಲ್ಲಿ ಓಡಿಸಿದರು. ನಗರದ ಕಾರ್ಡ್ ಇರುವ ನಿವಾಸಿಗಳಿಗೆ 2021ರಿಂದ ಪ್ರಯಾಣ ಉಚಿತ, ಹೊರಗಿನವರು ಟಿಕೆಟ್ ಕೊಳ್ಳಬೇಕು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ತುಂಬ ಹೊತ್ತು ಹಿಡಿಯುವುದರಿಂದ ಒಂದು ದಿನಕ್ಕೆ ಒಂದೇ ದಿಕ್ಕನ್ನು ಇಟ್ಟುಕೊಳ್ಳಿ.

ಮೊದಲ ದಿನ: ಸಂಗಮದ ಸುತ್ತ

ನದಿಗಳ ಸಂಗಮದ ಬಳಿಯ ಹಳೆಯ ಊರಿನಿಂದ ನಡಿಗೆ ಶುರುಮಾಡಿ. ಇತಿಹಾಸ ಮತ್ತು ಸ್ಥಳೀಯ ಸಂಸ್ಕೃತಿಯ ಮ್ಯೂಸಿಯಂ ನೋಡಿಕೊಂಡರೆ ಮುಂದಿನ ಎರಡು ದಿನ ಕಾಣುವುದೆಲ್ಲ ಹೆಚ್ಚು ತಿಳಿಯುತ್ತದೆ. ಸಂಜೆಗೆ ವೀರರ ಉದ್ಯಾನ. 2011ರಲ್ಲಿ ಅಲ್ಲಿ ಮಾಡಿದ ಹೂವಿನ ಗಡಿಯಾರದ ವ್ಯಾಸ 20 ಮೀಟರಿಗೂ ಹೆಚ್ಚು. ಗಣಿ ದೂಳಿನ ಊರು ಹೂವಿನ ಮೇಲೆ ಇಟ್ಟಿರುವ ಪ್ರೀತಿ ಅಲ್ಲಿ ಕಾಣುತ್ತದೆ.

ಎರಡನೆಯ ದಿನ: ಕುಲುಮೆ ಮತ್ತು ಬಡಾವಣೆ

ಮೆಟ್ರೊಟ್ರಾಮ್ ಹತ್ತಿ ಉಕ್ಕು ಕಾರ್ಮಿಕರ ಬಡಾವಣೆಗಳ ಕಡೆಗೆ ಹೋಗಿ. ಆರ್ಸೆಲರ್ ಮಿತ್ತಲ್ ಕಾರ್ಖಾನೆಯಲ್ಲಿ 1974ರಲ್ಲಿ ಹೊತ್ತಿಸಿದ 9ನೇ ಊದುಕುಲುಮೆಯ ಒಳಗಾತ್ರ 5,000 ಘನ ಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕುಲುಮೆಗಳಲ್ಲೊಂದು. ಕಾರ್ಖಾನೆಯ ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಸೋವಿಯತ್ ಪದ್ಧತಿಯಲ್ಲಿ ಬಡಾವಣೆಗಳಿಗೆ ಸಂಖ್ಯೆಯೇ ಹೆಸರು. ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ 1978ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಅವರ ಹಾಸ್ಯ ತಂಡ ‘ಕ್ವಾರ್ತಾಲ್ 95’ ಹೆಸರು ಪಡೆದದ್ದು ಇಲ್ಲಿನ 95ನೇ ಬಡಾವಣೆಯಿಂದ.

ಮೂರನೆಯ ದಿನ: ಅದಿರಿನ ಎದುರು

ಇಷ್ಟು ದೂರ ಬಂದದ್ದಕ್ಕೆ ಕಾರಣವೇ ಈ ದಿನ. ದಕ್ಷಿಣದ ತೆರೆದ ಗಣಿಯ ಅಂಚಿನಲ್ಲಿ ನಿಂತರೆ 300 ಮೀಟರಿಗೂ ಆಳದ ಹೊಂಡ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೋಡೆ, ತಳದಲ್ಲಿ ಇರುವೆಯಂತೆ ಹರಿದಾಡುವ ದೈತ್ಯ ಲಾರಿಗಳು ಕಾಣುತ್ತವೆ. ಗೋಡೆಯಲ್ಲಿ ಕೆಂಪು, ಬೂದು, ಕಪ್ಪು ಪಟ್ಟಿಗಳ ಕಲ್ಲು. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಅದು. ಸಂಡೂರಿನಲ್ಲಿ, ಕುದುರೆಮುಖದಲ್ಲಿ ಇರುವುದೂ ಇದೇ ಜಾತಿಯ ಪಟ್ಟೆಗಲ್ಲು. ಆ ಬೆಟ್ಟಗಳನ್ನು ಕಂಡವರಿಗೆ ಈ ಬಣ್ಣ ಹೊಸದೆನಿಸುವುದಿಲ್ಲ.

ಗಣಿ ಪ್ರವಾಸವನ್ನು ಸ್ಥಳೀಯ ಮಾರ್ಗದರ್ಶಿಯ ಜೊತೆಗೇ ಮಾಡಿ. ಒಬ್ಬರೇ ಅಂಚಿಗೆ ಹೋಗುವುದು ಅಪಾಯ, ಬೇಲಿ ದಾಟಲೇಬೇಡಿ. ಉತ್ತರ ಭಾಗದಲ್ಲಿ ಸುರಂಗ ಗಣಿಗಳು ಒಂದು ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತವೆ. ಅದಿರು ತೆಗೆದು ಟೊಳ್ಳಾದ ಕಡೆ ನೆಲ ಕುಸಿದ ಪ್ರದೇಶಗಳೂ ಇವೆ. 2020ರಲ್ಲಿ ಕೂಲಿ ಮತ್ತು ಪಿಂಚಣಿ ಹಕ್ಕಿಗಾಗಿ ಗಣಿ ಕಾರ್ಮಿಕರು ನಲವತ್ತು ದಿನಕ್ಕೂ ಹೆಚ್ಚು ಕಾಲ ನೆಲದಡಿಯಲ್ಲೇ ಕೂತು ಮುಷ್ಕರ ಮಾಡಿದ್ದು ಈ ಗಣಿಗಳಲ್ಲೇ. ಅದೇ ಉತ್ತರ ಭಾಗದಲ್ಲಿ 1980ರಲ್ಲಿ ಶುರುವಾದ ಸಸ್ಯೋದ್ಯಾನವಿದೆ. ಅಗೆದು ಬರಡಾದ ನೆಲದಲ್ಲಿ ಯಾವ ಗಿಡ ಬದುಕೀತು ಎಂಬುದು ಅಲ್ಲಿನ ವಿಜ್ಞಾನಿಗಳ ಅಧ್ಯಯನದ ವಿಷಯ.

ಊಟ, ಮಾತು, ನಡವಳಿಕೆ

ಬೀಟ್‌ರೂಟಿನ ಬೋರ್ಶ್ ಸಾರನ್ನು ತಪ್ಪದೆ ಸವಿಯಿರಿ. ಅದನ್ನು ಮಾಡುವ ಉಕ್ರೇನಿನ ಸಂಪ್ರದಾಯವನ್ನು ಯುನೆಸ್ಕೊ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ಮಾಂಸದ ಕಟ್ಟಿನಲ್ಲೇ ಬೇಯಿಸುವುದರಿಂದ ಸಸ್ಯಾಹಾರಿಗಳು ‘ಬೆಜ್ ಮ್ಯಾಸಾ’ (ಮಾಂಸವಿಲ್ಲದೆ) ಎಂದು ಮೊದಲೇ ಹೇಳಬೇಕು. ಆಲೂಗಡ್ಡೆ ಇಲ್ಲವೇ ಚೆರಿ ಹೂರಣದ ವರೇನಿಕಿ ಕಡುಬು, ಆಲೂಗಡ್ಡೆ ತುರಿದು ಹುಯ್ಯುವ ದೆರೂನಿ ದೋಸೆ, ‘ಹ್ರೆಚ್ಕಾ’ (ಬಕ್‌ವೀಟ್) ಎಂಬ ಕಾಳಿನ ಅನ್ನ ಹೊಟ್ಟೆ ತುಂಬಿಸುತ್ತವೆ. ಹಣ ಹ್ರಿವ್ನಿಯಾ. ಮೇ–ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯ ಕಾಲ.

ನಮಸ್ಕಾರಕ್ಕೆ ‘ದೊಬ್ರಿ ದೆನ್’, ಧನ್ಯವಾದಕ್ಕೆ ‘ದ್ಯಾಕುಯು’. ಊರಿನಲ್ಲಿ ರಷ್ಯನ್ ಮಾತಾಡುವವರು ಬಹಳ, ಆದರೆ ಯುದ್ಧ ಶುರುವಾದ ಮೇಲೆ ಉಕ್ರೇನಿಯನ್ ಭಾಷೆಯನ್ನೇ ಆರಿಸಿಕೊಂಡವರು ಹೆಚ್ಚಾಗಿದ್ದಾರೆ. ನಿಮ್ಮ ಎರಡು ಮಾತೂ ಉಕ್ರೇನಿಯನ್ನಿನಲ್ಲಿರಲಿ. ಯುದ್ಧದ ಬಗ್ಗೆ ನೀವಾಗಿ ಕೆದಕಿ ಕೇಳಬೇಡಿ, ಅವರೇ ಹೇಳಿದರೆ ಕೂತು ಕೇಳಿ. ಸೈನಿಕರ, ತಪಾಸಣಾ ಠಾಣೆಗಳ, ಬಾಂಬು ಬಿದ್ದ ಜಾಗಗಳ ಫೋಟೊ ತೆಗೆಯಬೇಡಿ.

ಮನೆಗೆ ತರಲು ಹುಲಿಕಣ್ಣಿನ ಕಲ್ಲು ಒಳ್ಳೆಯದು. ಇಲ್ಲಿನ ಅದಿರಿನ ಪದರಗಳ ನಡುವೆಯೇ ಸಿಗುವ, ಹೊರಳಿಸಿದರೆ ಹೊಂಬಣ್ಣ ಮಿಂಚುವ ಕಲ್ಲದು. 2023ರ ಜೂನಿನಲ್ಲಿ ಕಖೋವ್ಕಾ ಅಣೆಕಟ್ಟು ಒಡೆದು ನೀರಿನ ಮುಖ್ಯ ಮೂಲವೇ ಬತ್ತಿದಾಗ ಈ ಊರು ನಲ್ಲಿ ನೀರನ್ನು ಅಳೆದು ಬಳಸಿತು, ಹೊಸ ಕೊಳವೆಮಾರ್ಗ ಹಾಕಿಕೊಂಡಿತು. ಆ ಕಲ್ಲನ್ನು ಯಾರಿಗಾದರೂ ಕೊಡುವಾಗ ಅದು ಸಿಕ್ಕ ಊರಿನ ಈ ಸಂಗತಿಯನ್ನೂ ಹೇಳಿ.