ಒಮ್ಮುಖ ವಾರ್ತೆ, ಇಮ್ಮುಖ ಸಂವಾದ

ಧಾರವಾಡದ ಆಕಾಶವಾಣಿ ಕೇಂದ್ರವು 1950ನೆಯ ಇಸವಿಯ ಜನವರಿ 8ರಂದು ಪ್ರಾರಂಭವಾಯಿತು. ಪ್ರೇಷಕ ಯಂತ್ರದಿಂದ ಹೊರಟ ತರಂಗಗಳು ಮನೆಯ ರೇಡಿಯೋವನ್ನು ಮುಟ್ಟುತ್ತವೆ. ಆದರೆ ಕೇಳುಗನ ಮಾತು ಅದೇ ತರಂಗವನ್ನೇರಿ ಹಿಂದಿರುಗಲಾರದು. ಅವನು ಪ್ರಶ್ನೆ ಕೇಳಬೇಕಾದರೆ ಅಂಚೆಯನ್ನೋ ದೂರವಾಣಿಯನ್ನೋ ಆಶ್ರಯಿಸಬೇಕು. ಅಂತರಜಾಲದಲ್ಲಿಯೂ ಇಂಥ ಒಮ್ಮುಖ ಸಾಧನವೊಂದುಂಟು. ಅದೇ ಫೀಡ್ ರೀಡರ್. ಅದಕ್ಕಿಂತ ಸಮುದಾಯದ ತಾಣಗಳನ್ನೂ ಆ್ಯಪ್‌ಗಳನ್ನೂ ಹಲವರು ಮೆಚ್ಚುವುದೇಕೆ ಎಂಬುದನ್ನು ವಿಚಾರಿಸೋಣ.

ಮೊದಲು ಫೀಡ್ ರೀಡರ್ ಕೆಲಸಮಾಡುವ ಬಗೆಯನ್ನು ತಿಳಿಯೋಣ. ಜಾಲತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ವಿಳಾಸ, ದಿನಾಂಕಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಆರ್‌ಎಸ್‌ಎಸ್ ಇಂಥ ಕಡತದ ಒಂದು ಮಾದರಿ. ರೀಡರ್ ಆ ಕಡತವನ್ನು ಆಗಾಗ ತರಿಸಿ, ಹೊಸದೇನಾದರೂ ಇದ್ದರೆ ನಮ್ಮ ಮುಂದಿಡುತ್ತದೆ. 50 ತಾಣಗಳನ್ನು ಗಂಟೆಗೊಮ್ಮೆ ವಿಚಾರಿಸಿದರೆ ದಿನಕ್ಕೆ 1,200 ವಿಚಾರಣೆಗಳಾದವು. ಆ ಶ್ರಮವೆಲ್ಲ ಯಂತ್ರದ್ದು. ಇಷ್ಟು ಅನುಕೂಲವಿದ್ದರೂ, ಗೂಗಲ್ ಸಂಸ್ಥೆಯು 2005ರಲ್ಲಿ ತೆರೆದ ತನ್ನ ರೀಡರನ್ನು 2013ರ ಜುಲೈ 1ರಂದು ಮುಚ್ಚಿತು. ಬಳಕೆ ಕುಗ್ಗಿದೆಯೆಂಬುದು ಅದು ಕೊಟ್ಟ ಕಾರಣ.

ಈಗ ಒಂದು ಲೆಕ್ಕ. 50 ತಾಣಗಳಿಂದ ಒಬ್ಬ ವಾಚಕನಿಗೆ ಬರುವ ದಾರಿಗಳು 50, ಎಲ್ಲವೂ ಒಮ್ಮುಖ. ಅದೇ 50 ಜನರು ಒಂದು ಸಮುದಾಯವಾಗಿ ಕೂಡಿದರೆ, ಇಬ್ಬಿಬ್ಬರ ಜೋಡಿಗಳು 50×49÷2, ಅಂದರೆ 1,225, ಪ್ರತಿಯೊಂದೂ ಇಮ್ಮುಖ.

ಇಮ್ಮುಖವಾದುದರ ಗುಣವೇನು? ಇಸ್ತ್ರಿಪೆಟ್ಟಿಗೆಯನ್ನು ನೋಡಿರಿ. ಕಾವು ಮಿತಿಮೀರಿದೊಡನೆ ಅದರೊಳಗಿನ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ. ಇಲ್ಲಿ ಪರಿಣಾಮವೇ ಹಿಂದಿರುಗಿ ಕಾರಣವನ್ನು ತಿದ್ದುತ್ತದೆ. 2003ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ಇದೇ ತತ್ತ್ವವಿದೆ. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಒಂದು ಲೇಖನದಲ್ಲಿ ಅದು 30 ಸಾವಿರವೆಂದು ತಪ್ಪಾಗಿ ಬಿದ್ದಿದೆಯೆಂದು ಭಾವಿಸೋಣ. ಫೀಡ್ ರೀಡರ್ ಆ ತಪ್ಪನ್ನು ನಿಷ್ಠೆಯಿಂದ ತಂದೊಪ್ಪಿಸುತ್ತದೆ, ಅಷ್ಟೆ. ಆದರೆ ವಿಕಿಪೀಡಿಯದಲ್ಲಿ ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬನು ತಾನೇ ಅದನ್ನು ತಿದ್ದಬಹುದು. ಸಂದೇಹವಿದ್ದರೆ ಚರ್ಚೆಪುಟದಲ್ಲಿ ಕೇಳಬಹುದು. ಯಾವ ತಿದ್ದುಪಡಿ ಯಾವಾಗ ಆಯಿತೆಂಬುದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಬರೆಯುವವರು ವಿರಳವಾಗಿರುವ ವಿಜ್ಞಾನ ವಿಷಯಗಳಲ್ಲಿ, ವಾಚಕನನ್ನು ಲೇಖಕನನ್ನಾಗಿಸುವ ಈ ಏರ್ಪಾಡು ಕನ್ನಡಕ್ಕೆ ಅತ್ಯಾವಶ್ಯಕ.

ಆದರೆ ಹಿಂದಿರುಗುವ ಪರಿಣಾಮವೆಲ್ಲ ಹಿತಕರವೆಂದು ತಿಳಿಯಬಾರದು. ಧ್ವನಿವರ್ಧಕದೆದುರು ಮೈಕನ್ನು ಹಿಡಿದರೆ, ಸಣ್ಣ ಸದ್ದು ಸುತ್ತಿಸುತ್ತಿ ಬೆಳೆದು ಕಿವಿಗಡಚಿಕ್ಕುವ ಕೂಗಾಗುತ್ತದೆ. ಹೆಚ್ಚು ಪ್ರತಿಕ್ರಿಯೆ ಪಡೆದುದನ್ನೇ ಹೆಚ್ಚು ಜನರಿಗೆ ತೋರಿಸುವ ಆ್ಯಪ್‌ಗಳಲ್ಲಿ ಸುಳ್ಳು ಸುದ್ದಿಯೂ ಹೀಗೆಯೇ ಬೆಳೆಯಬಲ್ಲದು. ಅಲ್ಲಿ ನಮಗೆ ಏನು ಮೊದಲು ಕಾಣಬೇಕೆಂಬುದನ್ನು ನಿರ್ಧರಿಸುವುದು ಆ್ಯಪಿನ ಲೆಕ್ಕಾಚಾರ. ಫೀಡ್ ರೀಡರಾದರೋ ನಾವು ಆಯ್ದ ತಾಣಗಳ ಬರಹಗಳನ್ನು ಸಾಮಾನ್ಯವಾಗಿ ದಿನಾಂಕದ ಕ್ರಮದಲ್ಲಿಯೇ ಇಡುತ್ತದೆ. ಆಯ್ಕೆ ನಮ್ಮ ಕೈಯಲ್ಲಿಯೇ ಉಳಿಯುತ್ತದೆ.

ಆದುದರಿಂದ ವಿದ್ಯಾರ್ಥಿಗಳು ಯಾವುದೇ ಸಮುದಾಯವನ್ನು ಸೇರುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇಲ್ಲಿ ಹಿಂದಿರುಗುವ ಮಾತು ಥರ್ಮೋಸ್ಟಾಟಿನಂತೆ ತಪ್ಪನ್ನು ತಗ್ಗಿಸುತ್ತದೆಯೆ, ಅಥವಾ ಮೈಕಿನಂತೆ ಗದ್ದಲವನ್ನು ಹೆಚ್ಚಿಸುತ್ತದೆಯೆ? ಮೊದಲನೆಯದಾದರೆ ಕೇವಲ ಓದುಗರಾಗಿ ಉಳಿಯದೆ, ನಿಮ್ಮ ಪ್ರಶ್ನೆಯನ್ನೂ ತಿದ್ದುಪಡಿಯನ್ನೂ ಅಲ್ಲಿ ಸಲ್ಲಿಸಿರಿ.