ನಡಾವಳಿ ಓದಿ ಚುನಾವಣೆಗೆ ನಿಲ್ಲು

ಮಗಳೇ,

ಮುಂದಿನ ಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದು ಬೀದಿಯವರೆಲ್ಲ ನಿನ್ನ ಬೆನ್ನು ಹತ್ತಿದ್ದಾರಂತೆ, ಅಕ್ಕ ಹೇಳಿದಳು. ನಿಲ್ಲು. ಟಿಕೆಟ್ಟು, ಬ್ಯಾನರು, ಮನೆಮನೆ ಪ್ರಚಾರ, ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಗೆದ್ದ ಮಾರನೇ ದಿನದಿಂದ ಏನು ಮಾಡಬೇಕೆಂದು ಹೇಳುವವರು ಮಾತ್ರ ಕಡಿಮೆ. ಪಾಲಿಕೆಯ ಪರಿಷತ್ ಶಾಖೆಯಲ್ಲಿ ಅಜೆಂಡಾ ಜೋಡಿಸುತ್ತ, ನಡಾವಳಿ ಬರೆಯುತ್ತ ತಲೆ ಹಣ್ಣಾದವನು ನಾನು. ಆ ಒಂದು ಭಾಗವನ್ನು ನನ್ನಿಂದ ಕೇಳಿಕೊ.

ಮೊದಲು ಅಧಿಕಾರ ಎಲ್ಲೆಲ್ಲಿ ಕೂತಿದೆ ಎಂದು ತಿಳಿಯಬೇಕು. ನಮ್ಮ ಶಿವಮೊಗ್ಗದಲ್ಲಿ 35 ವಾರ್ಡುಗಳು, 35 ಸದಸ್ಯರು. ಸರ್ಕಾರ ಐದು ಮಂದಿಯ ತನಕ ನಾಮನಿರ್ದೇಶನ ಮಾಡಬಹುದು. ಅವರು ಸಭೆಯಲ್ಲಿ ಕೂತು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು, ಸಂಸದರು ಮೇಯರ್ ಚುನಾವಣೆಯ ದಿನ ತಪ್ಪದೆ ಬಂದು ಕೈ ಎತ್ತುತ್ತಾರೆ. ಆದರೆ ಕಡತಕ್ಕೆ ಸಹಿ, ಚೆಕ್ಕಿಗೆ ಸಹಿ, ನೌಕರರ ಮೇಲಿನ ಹತೋಟಿ ಎಲ್ಲವೂ ಆಯುಕ್ತರದು, ಮತ್ತು ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ. 1976ರ ಪೌರನಿಗಮಗಳ ಕಾಯ್ದೆ ಹಂಚಿಟ್ಟಿರುವುದೇ ಹಾಗೆ: ತೀರ್ಮಾನ ಪರಿಷತ್ತಿನದು, ಜಾರಿ ಆಯುಕ್ತರದು. ಪರಿಷತ್ತಿನ ತೀರ್ಮಾನ ಕಾನೂನಿಗೆ ವಿರುದ್ಧವೆಂದು ಕಂಡರೆ ಸರ್ಕಾರ ಅದನ್ನು ತಡೆಹಿಡಿಯಬಹುದು, ರದ್ದೂ ಮಾಡಬಹುದು.

ಇನ್ನು ಮೇಯರ್ ಗೌನು. ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡ. ಪಕ್ಕದ ಭದ್ರಾವತಿಯ ನಗರಸಭೆ ಅಧ್ಯಕ್ಷರಿಗೆ ಮೂವತ್ತು ತಿಂಗಳ ಅವಧಿ ಇದೆ, ಮಹಾನಗರ ಪಾಲಿಕೆಯ ಮೇಯರ್‌ಗೆ ಇರುವುದು ಒಂದೇ ವರ್ಷ. ಸನ್ಮಾನ, ಉದ್ಘಾಟನೆ, ನಮ್ಮಲ್ಲಾದರೆ ಪಾಲಿಕೆಯೇ ನಡೆಸುವ ದಸರಾ, ಇಷ್ಟು ಮುಗಿಸುವ ಹೊತ್ತಿಗೆ ಮುಂದಿನ ಮೀಸಲಾತಿ ಯಾವ ವರ್ಗಕ್ಕೆ ಎಂಬ ಚರ್ಚೆ ಶುರುವಾಗಿರುತ್ತದೆ. ನೀನು ಕೇಳಬೇಕಾದ ಜಾಗ ಸ್ಥಾಯಿ ಸಮಿತಿಯದು. ನಾಲ್ಕಿವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಎಲ್ಲರೂ ಮೊದಲ ಮೂರಕ್ಕೆ ಮುಗಿಬೀಳುತ್ತಾರೆ. ನೀನು ಲೆಕ್ಕಪತ್ರ ಸಮಿತಿ ಕೇಳು, ಯಾರೂ ಅಡ್ಡ ಬರುವುದಿಲ್ಲ. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ಬಂದು ಬೀಳುವುದು ಅಲ್ಲಿಗೆ. ಒಂದು ವರ್ಷ ಅವನ್ನು ಕೂತು ಓದಿದರೆ ಪಾಲಿಕೆಯ ದುಡ್ಡು ಎಲ್ಲೆಲ್ಲಿ ಸೋರುತ್ತದೆ ಎಂಬುದು ಹತ್ತು ವರ್ಷದ ಸದಸ್ಯರಿಗಿಂತ ಚೆನ್ನಾಗಿ ನಿನಗೆ ಗೊತ್ತಾಗುತ್ತದೆ.

ಈಗ ಅಜೆಂಡಾ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ನಡೆಯಬೇಕೆಂಬುದು ನಿಯಮ. ಸಭೆಗೆ ಮುಂಚೆ ಒಂದು ದಪ್ಪ ಲಕೋಟೆ ಮನೆಗೆ ಬರುತ್ತದೆ. ಬಹಳ ಸದಸ್ಯರು ಅದನ್ನು ಸಭಾಂಗಣಕ್ಕೆ ಬಂದೇ ಒಡೆಯುವುದನ್ನು ನಾನು ಕಂಡಿದ್ದೇನೆ. ನೀನು ಬಂದ ರಾತ್ರಿಯೇ ಒಡೆದು ಓದು. ಮೊದಲ ವಿಷಯ ಯಾವಾಗಲೂ ಒಂದೇ, ಹಿಂದಿನ ಸಭೆಯ ನಡಾವಳಿಯನ್ನು ದೃಢೀಕರಿಸುವುದು. ಕಾರ್ಯದರ್ಶಿ ಅದನ್ನು ಓದುತ್ತಿದ್ದಂತೆ ನಾಲ್ಕು ಕಡೆಯಿಂದ ‘ಆಯ್ತು, ಆಯ್ತು, ಮುಂದೆ ಹೋಗಿ’ ಎಂಬ ಕೂಗು ಬರುತ್ತದೆ. ಅಲ್ಲೇ ನೀನು ಎದ್ದು ನಿಲ್ಲಬೇಕು. ಹಿಂದಿನ ಸಭೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ‘ಪರಿಶೀಲಿಸಲಾಗುವುದು’ ಎಂದು ಬರೆದಿದ್ದಾರೋ, ‘ಮೂವತ್ತು ದಿನದೊಳಗೆ ಕಾಮಗಾರಿ ಪ್ರಾರಂಭಿಸಲು ತೀರ್ಮಾನಿಸಲಾಯಿತು’ ಎಂದು ಬರೆದಿದ್ದಾರೋ ನೋಡಿಕೊ. ಮೊದಲನೆಯದಾಗಿದ್ದರೆ ನಿನ್ನ ವಾರ್ಡಿಗೆ ಏನೂ ಸಿಕ್ಕಿಲ್ಲ ಎಂದೇ ಲೆಕ್ಕ. ನಡಾವಳಿ ದೃಢೀಕರಣ ಆಗುವ ಮುಂಚೆ ತಿದ್ದಿಸು. ಆದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಅಜೆಂಡಾದ ಕೊನೆಯ ಪುಟಗಳನ್ನೂ ಬಿಡಬೇಡ. ‘ಘಟನೋತ್ತರ ಮಂಜೂರಾತಿ ಕೋರಿ’ ಎಂಬ ಮಾತು ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆ. ಕೆಲಸ ಆಗಿಹೋಗಿದೆ, ದುಡ್ಡು ಖರ್ಚಾಗಿದೆ, ಈಗ ನಿಮ್ಮ ಒಪ್ಪಿಗೆ ಬೇಕು ಎಂದು ಅದರ ಅರ್ಥ. ಮಳೆಗಾಲದಲ್ಲಿ ಗೋಡೆ ಕುಸಿದರೆ ಸಭೆ ಕರೆಯುವವರೆಗೆ ಕಾಯಲಾಗುವುದಿಲ್ಲ, ಅಂಥದ್ದಕ್ಕೆ ಒಪ್ಪಬೇಕು. ಆದರೆ ಕುರ್ಚಿ, ಫ್ಯಾನು, ಬಾಡಿಗೆ ವಾಹನಕ್ಕೆಲ್ಲ ಘಟನೋತ್ತರವಾಗಿ ಒಪ್ಪಿಗೆ ಕೇಳುವ ತುರ್ತು ಏನಿತ್ತು? ಒಂದೊಂದಕ್ಕೂ ಕಾರಣ ಕೇಳು. ಸಭೆಯ ಬಾವಿಗಿಳಿದು ಕೂಗುವ ಅಗತ್ಯವಿಲ್ಲ. ಸರಿಕಾಣದ್ದಕ್ಕೆ ‘ನನ್ನ ಭಿನ್ನಾಭಿಪ್ರಾಯ ದಾಖಲಿಸಿ’ ಎಂದು ಹೇಳಿ, ಅದು ಬರೆದದ್ದನ್ನು ನೋಡಿ ಕೂತುಕೊ. ಕೂಗಾಡಿದ್ದು ಮರುದಿನದ ಪೇಪರಿನಲ್ಲಿ ಬರುತ್ತದೆ, ನಿಜ. ಆದರೆ ಮುಂದೆ ತನಿಖೆಯೋ ವಿಚಾರಣೆಯೋ ಬಂದಾಗ ತೆಗೆದು ನೋಡುವುದು ನಡಾವಳಿ ಪುಸ್ತಕವನ್ನು.

ನಿನ್ನ ಬೀದಿಯ ಚರಂಡಿಯನ್ನೇ ಉದಾಹರಣೆಗೆ ತೆಗೆದುಕೋ. ಗೆದ್ದ ಮೇಲೆ ಮೊದಲು ಬರುವ ಬೇಡಿಕೆ ಅದೇ. ನೀನು ಪತ್ರ ಕೊಡುತ್ತೀಯ. ಸಹಾಯಕ ಎಂಜಿನಿಯರ್ ಬಂದು ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ. ಅದು ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಸೇರದಿದ್ದರೆ ಅಂದಾಜು ಪಟ್ಟಿ ಎಷ್ಟು ಚೆಂದವಾಗಿದ್ದರೂ ಕಪಾಟಿನಲ್ಲೇ ಉಳಿಯುತ್ತದೆ. ಸೇರಿದ ಮೇಲೆ ಮಂಜೂರಾತಿ, ಟೆಂಡರು, ಕಾರ್ಯಾದೇಶ, ಕೆಲಸ, ಅಳತೆ, ಬಿಲ್ಲು. ಹೊಸ ಸದಸ್ಯರು ಪತ್ರ ಕೊಟ್ಟು ಬಂದು, ನೇರವಾಗಿ ಗುದ್ದಲಿ ಪೂಜೆಯ ದಿನ ಕಾಣಿಸಿಕೊಳ್ಳುತ್ತಾರೆ. ನಡುವಿನದೆಲ್ಲ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ನೀನು ಅಂದಾಜು ಪಟ್ಟಿಯ ಪ್ರತಿ ಇಸಿದುಕೊ. ಉದ್ದ, ಅಗಲ, ಆಳ, ಕಾಂಕ್ರೀಟಿನ ದಪ್ಪ, ಮೇಲೆ ಹಾಸುವ ಚಪ್ಪಡಿ ಎಷ್ಟು ಎಲ್ಲ ಅದರಲ್ಲಿರುತ್ತದೆ. ಮೊದಲ ಪ್ರಶ್ನೆ: ಈ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ? ಸೇರುವ ಜಾಗದ ಮಟ್ಟ ಮೇಲಿದ್ದರೆ ನೀರು ವಾಪಸು ಮನೆಗಳಿಗೇ ಬರುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನಿನಗೆ ನೆನಪಿರಬೇಕು. ಹೊಳೆ ತುಂಬಿದಾಗ ರಾಜಕಾಲುವೆಯ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಬೀದಿಗೊಂದರಂತೆ ತುಂಡುತುಂಡಾಗಿ ಚರಂಡಿ ಕಟ್ಟಿಸುವ ಸದಸ್ಯರು ಇದನ್ನು ಕೇಳುವುದಿಲ್ಲ. ಕೆಲಸ ನಡೆಯುವಾಗ ಟೇಪು ಹಿಡಿದು ಹೋಗಿ ಅಳೆ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ, ಕಚೇರಿಯಲ್ಲಿ ಅದಕ್ಕೆ ಎಂ.ಬಿ. ಎನ್ನುತ್ತಾರೆ. ಬಿಲ್ಲು ಪಾಸಾಗುವುದು ಆ ಪುಸ್ತಕದ ಮೇಲೆ. ಅದರಲ್ಲಿ ಬರೆದ ಉದ್ದವೂ ನಿನ್ನ ಟೇಪಿನ ಉದ್ದವೂ ಒಂದೇ ಇರಬೇಕು. ಒಂದೇ ಬೀದಿಯ ಕೆಲಸವನ್ನು ಟೆಂಡರಿನ ಮಿತಿಯೊಳಗೆ ಬರುವಂತೆ ಮೂರು ನಾಲ್ಕು ತುಂಡು ಮಾಡಿದ್ದರೆ ಅದು ತುಂಡು ಗುತ್ತಿಗೆ. ನಿನ್ನ ವಾರ್ಡಿಗೆ ಬೇಗ ಕೆಲಸ ಆಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೂ ಅದಕ್ಕೆ ಒಪ್ಪಬೇಡ.

ಬಜೆಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಯುಕ್ತರು ಸಿದ್ಧಮಾಡಿದ ಅಂದಾಜು ಹಣಕಾಸು ಸ್ಥಾಯಿ ಸಮಿತಿಗೆ ಬಂದು, ಆ ಸಮಿತಿಯ ಅಧ್ಯಕ್ಷರು ಸಭೆಯಲ್ಲಿ ಮಂಡಿಸುತ್ತಾರೆ. ಸಾಮಾನ್ಯವಾಗಿ ಅದು ‘ಉಳಿತಾಯ ಬಜೆಟ್’ ಆಗಿರುತ್ತದೆ, ಮೇಜು ಕುಟ್ಟಿ ಸ್ವಾಗತಿಸುತ್ತಾರೆ. ನೀನು ಮುಂದಿನ ವರ್ಷದ ಅಂಕಿ ನೋಡಬೇಡ, ಅದರ ಪಕ್ಕದ ಕಲಮಿನಲ್ಲಿ ಕಳೆದ ವರ್ಷ ನಿಜವಾಗಿ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ನೋಡು. ಉದ್ಯಾನಕ್ಕೆ ಇಷ್ಟು ಲಕ್ಷ ಎಂದು ಬರೆದು ಅದರ ಕಾಲುಭಾಗವನ್ನೂ ಖರ್ಚು ಮಾಡದ ವರ್ಷಗಳು ಅಲ್ಲಿ ಕಾಣುತ್ತವೆ. ಇನ್ನೊಂದು ಸಂಗತಿಯನ್ನು ಬಾಯಿಪಾಠ ಮಾಡಿಕೊ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ತೆಗೆದಿಡಬೇಕಾದ ಹಣವಿದೆ. ಅದು ವರ್ಷದ ಕೊನೆಗೆ ಖರ್ಚಾಗದೆ ಉಳಿದಿದ್ದರೆ, ನಿನ್ನ ವಾರ್ಡಿನಲ್ಲಿ ಒಂದು ಹೊಲಿಗೆ ಯಂತ್ರವೋ ಮೂರು ಗಾಲಿಯ ಸ್ಕೂಟರೋ ಸಿಗಬೇಕಾದವರಿಗೆ ಸಿಕ್ಕಿಲ್ಲ ಎಂದರ್ಥ. ಅರ್ಜಿ ಹಾಕುವುದು ಹೇಗೆಂದು ಗೊತ್ತಿಲ್ಲದ ಜನರಿಗೆ ಇದನ್ನು ತಲುಪಿಸುವುದಕ್ಕಿಂತ ದೊಡ್ಡ ಕೆಲಸ ಸದಸ್ಯರಿಗೆ ಇಲ್ಲವೆಂದೇ ನನ್ನ ನಂಬಿಕೆ.

ಜನ ನಿನ್ನನ್ನು ಕೇಳುವ ಅರ್ಧ ಕೆಲಸ ಪಾಲಿಕೆಯ ಕೈಯಲ್ಲಿ ಇರುವುದಿಲ್ಲ. ತುಂಗೆಯ ನೀರನ್ನು ಮಂಡ್ಲಿಯಲ್ಲಿ ಶುದ್ಧಮಾಡಿ ಊರಿಗೆ ಕಳಿಸುವುದು ನಗರ ನೀರು ಸರಬರಾಜು ಮಂಡಳಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಸೂಡಾ. ಕರೆಂಟು ಮೆಸ್ಕಾಂನದು. ಸ್ಮಾರ್ಟ್ ಸಿಟಿಯ ಕೆಲಸಗಳಿಗೆ ಪ್ರತ್ಯೇಕ ಕಂಪನಿಯೇ ಇತ್ತು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ವಿಷಯಗಳ ಪಟ್ಟಿಯಿದೆ, ನಗರ ಯೋಜನೆ ಅದರಲ್ಲಿ ಮೊದಲನೆಯದು. ಅದನ್ನೇ ಪ್ರಾಧಿಕಾರದ ಕೈಗೆ ಕೊಟ್ಟು ಕೂರಿಸಿದ್ದಾರೆ, ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಸಂಗತಿ. ಆದರೆ ನೀರು ಬಾರದ ಮನೆಯವರಿಗೆ ‘ಅದು ನಮ್ಮದಲ್ಲ’ ಎಂದು ಹೇಳಿ ಕಳಿಸಬೇಡ. ಮಂಡಳಿಯ ಎಂಜಿನಿಯರನ್ನು ಪರಿಷತ್ ಸಭೆಗೆ ಕರೆಸಲು ಒತ್ತಾಯಿಸು, ಅವರು ಕೊಟ್ಟ ಉತ್ತರವನ್ನೂ ನಡಾವಳಿಯಲ್ಲಿ ಬರೆಸು. ವಾಲ್ವ್ ತಿರುಗಿಸುವ ಹುಡುಗನ ಫೋನ್ ನಂಬರ್ ನಿನ್ನ ಹತ್ತಿರ ಇರಲಿ. ಬೆಳಿಗ್ಗೆ ಐದೂವರೆಗೆ ಹಾಜರಿ ಹಾಕುವ ಪೌರಕಾರ್ಮಿಕರ ಹೆಸರುಗಳೂ ನಿನಗೆ ಗೊತ್ತಿರಲಿ; ಅವರ ಗ್ಲೌಸು, ಬೂಟು, ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸುವ ಸದಸ್ಯರ ವಾರ್ಡು ತಾನಾಗಿಯೇ ಚೊಕ್ಕಟವಾಗಿರುತ್ತದೆ.

ಈ ಮುಂದಿನ ಮಾತನ್ನು ಅಳಿಯಂದಿರಿಗೂ ಓದಿಸು. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಗೆದ್ದವರಲ್ಲಿ ಎಷ್ಟೋ ಜನರ ಫೋನನ್ನು ಗಂಡಂದಿರೇ ಎತ್ತುತ್ತಾರೆ, ಎಂಜಿನಿಯರ ಕೋಣೆಯಲ್ಲಿ ಗಂಡಂದಿರೇ ಕೂರುತ್ತಾರೆ, ಸಭೆಯಲ್ಲಿ ಮಾತ್ರ ಹೆಂಡತಿ. ಒಂದು ಸಾರಿ ಹಾಗೆ ಅಭ್ಯಾಸವಾದರೆ ಅಧಿಕಾರಿಗಳು ನಿನ್ನ ಕಡೆ ತಿರುಗಿಯೂ ನೋಡುವುದಿಲ್ಲ. ನಿನ್ನ ಲೆಟರ್‌ಹೆಡ್ಡು ನಿನ್ನ ಬ್ಯಾಗಿನಲ್ಲೇ ಇರಬೇಕು, ಮೊದಲ ದಿನದಿಂದಲೇ. ಅಳಿಯಂದಿರು ಒಳ್ಳೆಯವರು, ಅರ್ಥ ಮಾಡಿಕೊಳ್ಳುತ್ತಾರೆ. ಪ್ರತಿವರ್ಷ ಆಸ್ತಿ ವಿವರ ಸಲ್ಲಿಸುವುದನ್ನೂ ಮರೆಯಬೇಡ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಇದ್ದರೆ ಸದಸ್ಯತ್ವವೇ ಹೋಗುತ್ತದೆ, ಆದ್ದರಿಂದ ಪಾಲಿಕೆಯ ಮಳಿಗೆಯನ್ನು ಸಂಬಂಧಿಕರ ಹೆಸರಿನಲ್ಲಿ ಹಿಡಿಯುವ ಸಲಹೆ ಕೊಡುವವರನ್ನು ಬಾಗಿಲಿನಿಂದಲೇ ಕಳಿಸು.

ವಾರ್ಡ್ ಸಮಿತಿ ಎಂಬುದೊಂದು ಕಾಯ್ದೆಯಲ್ಲಿದೆ. ಹಲವು ಊರುಗಳಲ್ಲಿ ಅದು ಕಾಗದದ ಮೇಲಷ್ಟೇ ಉಳಿದಿದೆ. ಮಂಗಳೂರಿನಲ್ಲಿ ನಾಗರಿಕರು ಪಟ್ಟು ಹಿಡಿದ ಮೇಲೆ ರಚನೆಯಾಯಿತು. ಸದಸ್ಯರಿಗೆ ಅದು ಬೇಡ, ತಮ್ಮ ಅಧಿಕಾರ ಹಂಚಿಹೋಗುತ್ತದೆ ಎಂಬ ಭಯ. ನೀನು ಗೆದ್ದರೆ ನಿನ್ನ ವಾರ್ಡಿನಲ್ಲಿ ಅದನ್ನು ಮೊದಲು ಮಾಡು. ಬೀದಿಯ ಹತ್ತು ಜನ ತಿಂಗಳಿಗೊಮ್ಮೆ ಶಾಲೆಯ ಜಗಲಿಯಲ್ಲಿ ಕೂತು ಯಾವ ಕೆಲಸ ಮೊದಲು ಎಂದು ಬರೆದುಕೊಟ್ಟರೆ, ಕ್ರಿಯಾ ಯೋಜನೆಯ ದಿನ ನಿನ್ನ ಕೈಯಲ್ಲಿ ಒಂದು ಗಟ್ಟಿ ಕಾಗದ ಇರುತ್ತದೆ.

ಚುನಾವಣೆ ಯಾವಾಗ ಎಂದು ನೀನು ಕೇಳಿದ್ದೆ. ನಮ್ಮ ಪಾಲಿಕೆಗೆ 2018ರ ಆಗಸ್ಟ್ 31ರಂದು ಮತದಾನವಾಗಿತ್ತು. ಅವಧಿಯನ್ನು ಮೊದಲ ಸಭೆಯಿಂದ ಎಣಿಸುತ್ತಾರೆ, ಹಾಗಾಗಿ 2023ರ ನವೆಂಬರಿಗೆ ಐದು ವರ್ಷ ಮುಗಿಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಬಿಡಿಸಿ ಹೇಳಿತು. ಆದರೂ ನಮ್ಮಲ್ಲಿ, ಮೈಸೂರಿನಲ್ಲಿ ಆಡಳಿತಾಧಿಕಾರಿ ಬಂದು ಕೂತರು. 2024ರ ಬಜೆಟ್ಟೂ 2025ರ ಬಜೆಟ್ಟೂ ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ಆದವು. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲಿನ ತಕರಾರು, ಹೀಗೆ ಕಾರಣಗಳು ಒಂದಕ್ಕೊಂದು ಜೋತುಬೀಳುತ್ತವೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ ಪಟ್ಟಿ ಕೊಡಬೇಕಾದ್ದು ಸರ್ಕಾರ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಬೀದಿ ದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಜನರಿಗೆ ತಿಳಿಯದ ಸ್ಥಿತಿ ಒಂದು ಊರಿಗೆ ಬರಬಾರದು.

ದಿನಾಂಕ ಪ್ರಕಟವಾಗಲಿ ಎಂದು ಕಾಯುತ್ತ ಕೂರಬೇಡ. ಈ ವಾರವೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗಿರಲಿ, ಇಲ್ಲದಿದ್ದರೆ ವಾಪಸು ಕಳಿಸುತ್ತಾರೆ. ಹಿಂದಿನ ಪರಿಷತ್ತಿನ ಕೊನೆಯ ವರ್ಷದ ನಡಾವಳಿಗಳ ಪ್ರತಿ ಕೇಳು. ಇನ್ನೊಂದು ಅರ್ಜಿಯಲ್ಲಿ ಆಡಳಿತಾಧಿಕಾರಿಗಳ ಕಾಲದಲ್ಲಿ ನಮ್ಮ ವಾರ್ಡಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ ಕೇಳು. ಬಂದ ಮೇಲೆ ಓದಿ, ಅರ್ಥವಾಗದ ಕಡೆ ಗುರುತು ಹಾಕಿಟ್ಟುಕೊ. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ, ತೆಗೆದುಕೊಂಡು ಬಾ. ಒಂದೊಂದೇ ಠರಾವು ಹಿಡಿದು ನೋಡುತ್ತ ಹೋಗೋಣ.

ನಿನ್ನ ಮಾವ